ಅಜ್ಜಿಯ ಮಿಠಾಯಿಗೆ ಬೆಳಕಿನ ಪರೀಕ್ಷೆ

"ಅಜ್ಜಿ ಏನೂ ಬೆರೆಸಲ್ಲ ಮಾವ. ನನಗೆ ಗೊತ್ತಿಲ್ವಾ?" ಅಂದಳು ಮೇಘಶ್ರೀ, ಏಣಿಯ ಮೇಲೆ ನಿಂತುಕೊಂಡೇ.

ಮೋಹನ್‌ಕುಮಾರ್ ಮಾವ ಆಗಲೇ ಅಟ್ಟ ಹತ್ತಿದ್ದ. ಮೈಸೂರಿನಲ್ಲಿ ಕೆಮಿಸ್ಟ್ರಿ ಓದುವವನು, ಭಾನುವಾರಕ್ಕೆಂದು ಅರಸೀಕೆರೆಗೆ ಬಂದಿದ್ದ. ಕೊಬ್ಬರಿಯಾಗಲೆಂದು ತೆಂಗಿನಕಾಯಿ ಪೇರಿಸಿಟ್ಟ ಆ ಅಟ್ಟದಲ್ಲಿ ನಡುಮಧ್ಯಾಹ್ನವೂ ಕಗ್ಗತ್ತಲೆ. ಅವನಿಗೆ ಬೇಕಾಗಿದ್ದೂ ಅದೇ.

ಎಲ್ಲ ಶುರುವಾದದ್ದು ಅವಳ ಕ್ಲಾಸಿನ ಸಂತುವಿನಿಂದ. ಮುದ್ದಮ್ಮಜ್ಜಿ ಸ್ಕೂಲಿನ ಗೇಟಿನ ಹತ್ತಿರ ಕೊಬ್ಬರಿ ಮಿಠಾಯಿ ಮಾರುತ್ತಿದ್ದಳು. "ಅದ್ರಲ್ಲಿ ಎಸೆನ್ಸ್ ಐತೆ ಕಣೇ, ಬೇಕರಿ ವಾಸ್ನೆ ಬತ್ತದೆ" ಅಂದುಬಿಟ್ಟ ಅವನು, ಇಡೀ ಕ್ಲಾಸಿನ ಮುಂದೆ. ಮೇಘಶ್ರೀ ಸುಮ್ಮನಿರುವ ಹುಡುಗಿಯೇ? "ಇಲ್ಲ ಅಂತ ಪ್ರೂವ್ ಮಾಡ್ತೀನಿ, ಸೋಮವಾರ ನೋಡು" ಅಂದು ಬಂದಿದ್ದಳು. ಆಮೇಲೆ ಹೆದರಿಕೆ ಶುರುವಾಯಿತು. ಸಂತು ಹೇಳಿದ್ದೇ ನಿಜವಾದರೆ ಅಜ್ಜಿಯ ಮಿಠಾಯಿ ಯಾರು ಕೊಳ್ಳುತ್ತಾರೆ?

ಮಾವನ ಮುಂದೆ ಎರಡು ಗಾಜಿನ ನಳಿಗೆ. ಒಂದರಲ್ಲಿ ಬರೀ ಕಾಯಿತುರಿ, ಸಕ್ಕರೆ ಕಲಸಿ ಸೋಸಿದ ನೀರು. ಇನ್ನೊಂದರಲ್ಲಿ ಅಜ್ಜಿಯ ಮಿಠಾಯಿ ಕದಡಿ ಸೋಸಿದ್ದು.

"ಎರಡಕ್ಕೂ ಈ ಔಷಧಿ ಹಾಕ್ತೀನಿ. ಬೆಂಕಿ ಇಲ್ಲ, ಕರೆಂಟ್ ಇಲ್ಲ, ಆದ್ರೂ ಬೆಳಕು ಬರುತ್ತೆ. ಎಸೆನ್ಸ್ ಇದ್ರೆ ಆ ಬೆಳಕು ಮಂಕಾಗುತ್ತೆ."

ಮೊದಲನೆಯದು ನೀಲಿಯಾಗಿ ಹೊಳೆಯಿತು. ಅಬ್ಬಾ, ಎಂಥ ನೀಲಿ! ಎರಡನೆಯದು ಮಿಣುಕ್ ಅಂದು ಸುಮ್ಮನಾಯಿತು.

"ಇನ್ನೊಂದ್ಸಲ ಮಾಡು ಮಾವ."

ಇನ್ನೊಂದು ಸಲವೂ ಅಷ್ಟೇ. ಮೇಘಶ್ರೀಗೆ ಅಳು ಬಂತು.

"ತಾಳು, ಕಾಯಿ ಸಕ್ಕರೆ ಬಿಟ್ಟು ಬೇರೇನೋ ಇದೆ ಅಂತಷ್ಟೇ ಇದು ಹೇಳೋದು. ಏಲಕ್ಕಿನೋ ಎಸೆನ್ಸೋ ನನಗೂ ಗೊತ್ತಾಗಲ್ಲ. ಅಜ್ಜಿನ ಕೇಳಿದ್ಯಾ?"

ಕೇಳಿರಲಿಲ್ಲ. ಮೂರು ದಿನದಿಂದ ಅಜ್ಜಿಯ ಪರವಾಗಿ ಜಗಳವಾಡಿದ್ದಳು, ಅಜ್ಜಿಯನ್ನು ಮಾತ್ರ ಕೇಳಿರಲಿಲ್ಲ.

ಅಜ್ಜಿ ಕೆಳಗೆ ಕಾಯಿ ತುರಿಯುತ್ತಿದ್ದಳು. "ಹಾಕ್ತೀನಲ್ಲ, ಎರಡು ಹನಿ ವೆನಿಲ್ಲಾ ಎಸೆನ್ಸು" ಅಂದಳು, ಕೈ ನಿಲ್ಲಿಸದೆ. "ಹೋದ ವರ್ಷ ಜ್ವರ ಬಂದು ನಿಂಗೆ ಬಾಯಿ ಕೆಟ್ಟಿತ್ತು. ಬೇಕರಿದೇ ಬೇಕು ಅಂತ ಹಟ. ಎರಡು ಹನಿ ಹಾಕ್ಕೊಟ್ಟೆ, ತಿಂದೆ. ಅವತ್ತಿಂದ ಹಾಕ್ತಾ ಇವ್ನಿ. ಯಾಕೆ, ಹಾಕ್ಬಾರ್ದಾ?"

"ಎರಡು ಹನಿಗೆ ಏನೂ ಆಗಲ್ಲ ಬಿಡವ್ವ" ಅಂದ ಮಾವ.

"ಮತ್ತೆ ನೀನು ಹೇಳ್ಲೇ ಇಲ್ಲ" ಅಂದಳು ಮೇಘಶ್ರೀ.

"ಯಾರ್ ಕೇಳಿದ್ರು?"

ಸೋಮವಾರ ಗೇಟಿನ ಹತ್ತಿರವೇ ಸಂತು ಅಡ್ಡ ನಿಂತ. "ಏನಾಯ್ತು ನಿನ್ ಪ್ರೂಫು? ಐತೋ ಇಲ್ವೋ?"

ಅವನ ಹಿಂದೆ ಅರ್ಧ ಕ್ಲಾಸು. ಇಲ್ಲ ಅಂದುಬಿಡಬಹುದಿತ್ತು, ಅಟ್ಟದಲ್ಲಿ ನಡೆದದ್ದನ್ನು ನೋಡಿದವರು ಯಾರು? ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡು ಅವನ ಕೈ ಹಿಡಿದಳು. "ಬಾ, ನಮ್ಮಜ್ಜಿನೇ ಕೇಳು."

ಸಂತು ತಡವರಿಸುತ್ತಾ ಕೇಳಿದ.

"ಐತೆ ಕಣ್ ಮಗ, ಎರಡು ಹನಿ" ಅಂದಳು ಅಜ್ಜಿ. "ಬ್ಯಾಡ ಅನ್ನೋರಿಗೆ ನಾಳೆಯಿಂದ ಹಾಕ್ದೇ ತತ್ತೀನಿ."

ಒಬ್ಬ ಹುಡುಗಿ ಕೈಯಲ್ಲಿದ್ದ ಮಿಠಾಯಿಯನ್ನು ತಟ್ಟೆಯಲ್ಲಿ ವಾಪಸ್ ಇಟ್ಟಳು. ಅಜ್ಜಿಯ ಮುಖ ಒಂದಿಷ್ಟೂ ಬದಲಾಗಲಿಲ್ಲ. ಇಷ್ಟು ದಿನ ಹೆದರಿದ್ದು ತಾನೊಬ್ಬಳೇ ಎಂದು ಮೇಘಶ್ರೀಗೆ ಆಗ ಗೊತ್ತಾಯಿತು.