ಕುಮಾರಿಯೋ ಶ್ರೀಮತಿಯೋ

ಕಾರ್ಯಕ್ರಮದ ಹಾಳೆಯಲ್ಲಿ ನನ್ನ ಹೆಸರಿಗೆ 'ಕುಮಾರಿ' ಅಂಟಿಕೊಂಡಿತ್ತು. 'ಕುಮಾರಿ ಉಮಾಶ್ರೀ: ಗೆಫ್ಯೋನ್ ದೇವಿಯ ಕಥೆ.' ಪಕ್ಕದಲ್ಲಿ ನನ್ನ ಏಳು ವರ್ಷದ ಮಗಳು ಇಂಚರಾ ಚಿಪ್ಸು ತಿನ್ನುತ್ತ ಕೂತಿದ್ದಳು. ನನಗೆ ಮೈಯೆಲ್ಲ ಉರಿಯಿತು.

ಹಾಳೆ ಮಾಡಿದವನು ಅಚ್ಯುತ. ಮೈಸೂರಿನವನು, ಈಗ ಇಲ್ಲೇ ಪಕ್ಕದೂರು ಹೇವರ್ಡ್‌ನಲ್ಲಿ ಪಾಠ ಹೇಳುತ್ತಾನೆ. ಫ್ರೀಮಾಂಟ್‌ನ ನಮ್ಮ ಕನ್ನಡ ಬಳಗದಲ್ಲಿ ಮೂರು ತಿಂಗಳಿಂದ ಪ್ರತಿ ಶನಿವಾರ 'ಲೋಕದ ಕಥೆಗಳು' ಕಾರ್ಯಕ್ರಮದ ರಿಹರ್ಸಲ್ಲು. ನಾನು ಓದುವಾಗ ಅವನು ಸ್ಕ್ರಿಪ್ಟು ನೋಡಬೇಕಿತ್ತು, ನನ್ನನ್ನು ನೋಡುತ್ತಿದ್ದ. ನಾನು ತಲೆ ಎತ್ತಿದರೆ ಗಡಿಬಿಡಿಯಲ್ಲಿ ಕನ್ನಡಕ ಒರೆಸುತ್ತಿದ್ದ. ಅಷ್ಟು ಸ್ವಚ್ಛ ಕನ್ನಡಕ ಇಡೀ ಬೇ ಏರಿಯಾದಲ್ಲಿ ಇರಲಿಕ್ಕಿಲ್ಲ. ಎದುರಿಗೆ 'ನೀವು' ಅನ್ನುತ್ತಿದ್ದೆ. ಮನಸ್ಸಿನಲ್ಲಿ ಎಂದೋ 'ಅವನು' ಆಗಿಬಿಟ್ಟಿದ್ದ.

ರಿಹರ್ಸಲ್ ಹೊತ್ತಿಗೆ ಇಂಚರಾಗೆ ಸ್ವಿಮ್ಮಿಂಗ್ ಕ್ಲಾಸು. ಅವನು ಅವಳನ್ನು ನೋಡಿರಲಿಲ್ಲ. ನಾನೂ ಹೇಳಿರಲಿಲ್ಲ. ಹೇಳಿದ ಮೇಲೆ ಅವನು ಕನ್ನಡಕ ಒರೆಸುವುದನ್ನೇ ನಿಲ್ಲಿಸಿಬಿಟ್ಟರೆ ಎಂಬ ಹೆದರಿಕೆ. ಕಾರ್ಯಕ್ರಮಕ್ಕೆ ಹೆಸರು ಕೊಟ್ಟ ಫಾರ್ಮಿನಲ್ಲಿ 'ಶ್ರೀಮತಿ/ಕುಮಾರಿ' ಎಂದಿದ್ದ ಕಡೆ ಖಾಲಿ ಬಿಟ್ಟವಳೂ ನಾನೇ. ಸಿಟ್ಟು ಯಾರ ಮೇಲೆ ಮಾಡಲಿ?

ನನ್ನ ಸರದಿ ಬಂತು. ವೇದಿಕೆ ಹತ್ತಿ ಕಥೆ ಹೇಳಿದೆ.

ಗೆಫ್ಯೋನ್ ಎಂದರೆ ಉತ್ತರ ಯೂರೋಪಿನ ನಾರ್ಸ್ ಜನರ ಹಳೆಯ ದೇವತೆ. ಒಂದು ಕಥೆಯಲ್ಲಿ ಅವಳು ಕುಮಾರಿ. ಮದುವೆಯಾಗದೆ ತೀರಿಕೊಂಡ ಹೆಣ್ಣುಮಕ್ಕಳೆಲ್ಲ ಅವಳ ಬಳಿಗೆ ಹೋಗುತ್ತಾರೆ. ಇನ್ನೊಂದರಲ್ಲಿ ಒಬ್ಬ ರಾಜ, ನಾಲ್ಕು ಎತ್ತು ಒಂದು ಹಗಲು ಒಂದು ರಾತ್ರಿ ಉತ್ತಷ್ಟು ನೆಲ ನಿನಗೆ ಎನ್ನುತ್ತಾನೆ. ಅವಳು ದೈತ್ಯನಿಂದ ಪಡೆದ ತನ್ನ ನಾಲ್ಕು ಗಂಡುಮಕ್ಕಳನ್ನೇ ಎತ್ತು ಮಾಡಿ ನೇಗಿಲಿಗೆ ಕಟ್ಟುತ್ತಾಳೆ. ನೆಲ ಕಿತ್ತು ಬಂದು ಸಮುದ್ರದಲ್ಲಿ ದ್ವೀಪವಾಗುತ್ತದೆ. ಕಿತ್ತ ಜಾಗದಲ್ಲಿ ನೀರು ನಿಲ್ಲುತ್ತದೆ.

ಮುಂದಿನ ಸಾಲಿನಿಂದ ನಮ್ಮ ಧಾರವಾಡದ ಕಮಲವ್ವ ಸುಮ್ಮನಿರಲಿಲ್ಲ. "ಅಲ್ಲವ್ವಾ, ನಾಕ್ ಮಕ್ಕಳ ತಾಯಿ ಕುಮಾರಿ ಹೆಂಗ ಆಗ್ತಾಳ?"

ಸಭೆಯೆಲ್ಲ ನಕ್ಕಿತು.

"ಒಬ್ಬರು ಒಂದು ಹೇಳ್ಯಾರ, ಇನ್ನೊಬ್ಬರು ಇನ್ನೊಂದು. ಆಕಿನ್ನ ಮಾತ್ರ ಯಾರೂ ಕೇಳಿಲ್ಲ ನೋಡ್ರಿ, ಅಜ್ಜಿ," ಎಂದೆ. ಹೇಳುವಾಗ ಕಣ್ಣು ತಾನಾಗಿ ಅಚ್ಯುತನ ಕಡೆ ಹೋಯಿತು.

ಚಪ್ಪಾಳೆ ನಿಲ್ಲುವ ಮೊದಲೇ ಇಂಚರಾ ಕುರ್ಚಿಯ ಮೇಲೆ ನಿಂತು ಕೂಗಿದಳು: "ಅಮ್ಮಾ, ಯೂ ವರ್ ಆಸಮ್!"

ಅವನ ಕೈ ಕನ್ನಡಕದ ಕಡೆ ಹೋಗಿ ಅಲ್ಲೇ ನಿಂತಿತು.

ಎಲ್ಲ ಮುಗಿದು ಜನ ಕಾಫಿಗೆ ಹೋದಾಗ ಹತ್ತಿರ ಬಂದ. ಕೈಯಲ್ಲಿ ಅದೇ ಹಾಳೆ, ಒಂದು ಪೆನ್ನು.

"ಸಾರಿ ಉಮಾ ಅವ್ರೇ. ಫಾರ್ಮಲ್ಲಿ ಖಾಲಿ ಇತ್ತು. ನನಗೇನು ಬೇಕೋ ಅದನ್ನ ಬರೆದುಬಿಟ್ಟೆ."

"ಕೇಳಬೇಕಿತ್ರೀ."

"ಕೇಳಿದ್ರೆ 'ಶ್ರೀಮತಿ' ಅಂದ್ಬಿಡ್ತೀರೇನೋ ಅಂತ ಭಯ ಕಣ್ರೀ."

ಇಷ್ಟು ದಿನ ಇಬ್ಬರೂ ಒಂದೇ ಖಾಲಿ ಜಾಗಕ್ಕೆ ಹೆದರಿಕೊಂಡಿದ್ದೆವು. ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು.

"ಆಗಿದ್ದೆ. ಆ ಮದುವಿ ನಾಕು ವರ್ಷದ ಹಿಂದ ಮುಗದದ. ಈಕಿ ನನ್ನ ಮಗಳು, ಇಂಚರಾ."

ಅವನು ಅವಳೆದುರು ಮಂಡಿಯೂರಿ ಕೂತ. "ಹಲೋ ಇಂಚರಾ. ನೀನು ಎತ್ತು ಆಗ್ತೀಯಾ?"

"ನೋ! ಐ ವಾಂಟ್ ದೋಸಾ."

ಎದ್ದು ನಿಂತವನು ಹಾಳೆಯಲ್ಲಿ 'ಕುಮಾರಿ' ಹೊಡೆದುಹಾಕಿದ. ಪೆನ್ನು ಅಲ್ಲೇ ಹಿಡಿದು ನನ್ನ ಮುಖ ನೋಡಿದ. ಈ ಸಲ ಕಣ್ಣು ತಪ್ಪಿಸಲಿಲ್ಲ.

"ಈಗ ಏನು ಬರೀಲಿ?"

"ಸದ್ಯಕ್ಕ ಬರೀ ಉಮಾಶ್ರೀ ಇರಲಿ. ಮುಂದಿಂದು ಕೇಳಿ ಬರೀರಿ."

"ಈಗಲೇ ಕೇಳ್ಲಾ?"

"ಹುಡುಗಿ ಹಸದಾಳ್ರೀ. ಮೊದಲು ದೋಸೆ."

ಅವನು ಪೆನ್ನಿಗೆ ಕ್ಯಾಪು ಹಾಕಿ ಜೇಬಿಗಿಟ್ಟುಕೊಂಡ. "ಹಾಗಾದ್ರೆ ದೋಸೆ ತಿಂದ್ಮೇಲೆ ಕೇಳ್ತೀನಿ," ಎಂದ.

ಇಂಚರಾ ಆಗಲೇ ಅವನ ಬೆರಳು ಹಿಡಿದು ಪಾರ್ಕಿಂಗ್ ಲಾಟಿನ ಕಡೆ ಎಳೆಯುತ್ತಿದ್ದಳು. ಅವರ ಹಿಂದೆ ನಡೆಯುತ್ತ ನಾನು ಮೆತ್ತಗೆ, ನನಗಷ್ಟೇ ಕೇಳುವಂತೆ, 'ಹೂಂ' ಎಂದು ಹೇಳಿ ನೋಡಿಕೊಂಡೆ.