ದಾನದ ನೌಕರಿ

“ಟೀಚರ್, ಅವು ನಾಕೂ ಒಂದೇ ಅಲ್ರಿ.”

ಶಿವಕಾಂತಮ್ಮನ ಕೈಯ ಸೀಮೆಸುಣ್ಣ ಹಲಗೆಯ ಮೇಲೇ ನಿಂತಿತು. ಮೋಸ್ಟ್ಲಿ, ಮೇನ್ಲಿ, ಚೀಫ್ಲಿ, ಜನರಲಿ... ಎಲ್ಲಕ್ಕೂ ‘ಹೆಚ್ಚಾಗಿ’ ಎಂದೇ ಅರ್ಥ, ಯಾವುದನ್ನು ಬೇಕಾದರೂ ಬರೆಯಿರಿ ಎಂದು ಈಗಷ್ಟೇ ಹುಡುಗಿಯರಿಗೆ ಹೇಳಿದ್ದಳು.

ಬಾಗಿಲಲ್ಲಿ ನಿಂತಿದ್ದವನು ಆಡಕಿಯ ಸಾಯಬಣ್ಣ. ಸೇಡಂನ ಆ ಹೆಣ್ಣುಮಕ್ಕಳ ಶಾಲೆಗೆ ಅವಳಂತೆಯೇ ತಾತ್ಕಾಲಿಕ ಇಂಗ್ಲಿಷ್ ಮೇಷ್ಟ್ರಾಗಿ ಅಂದೇ ಬಂದಿದ್ದ. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರು ಬಂದ ಮರುವರ್ಷದ ಮಾತಿದು.

ಹುಡುಗಿಯರು ಕಿಸಕ್ಕನೆ ನಕ್ಕರು. ಬೇರೆಯವಳಾಗಿದ್ದರೆ ಅತ್ತುಬಿಡುತ್ತಿದ್ದಳೇನೋ. ನಮ್ಮ ಶಿವಕಾಂತಮ್ಮ ಅಳುವ ಪೈಕಿಯಲ್ಲ. ಸಂಜೆ ಗಂಟೆ ಹೊಡೆದ ಕೂಡಲೇ ಶಿಕ್ಷಕರ ಕೋಣೆಯಲ್ಲಿ ಅವನೆದುರು ಕುರ್ಚಿ ಎಳೆದು ಕೂತಳು.

“ಹುಡಿಗ್ಯಾರ ಮುಂದ ಮಾನ ತೆಗೆದ್ರಿ. ಈಗ ಕಲಸ್ರಿ.”

“ತಪ್ಪಾತ್ರಿ. ಹೊರಗ ಕರದು ಹೇಳಬೇಕಿತ್ತು...”

“ಮಾಫಿ ಆಮ್ಯಾಲ ಕೇಳ್ರಿ. ಮೊದಲ ಪಾಠ.”

ಅವನು ಕಲಿಸಿದ. ಹತ್ತರಲ್ಲಿ ಎಂಟು ಹಾಗಿದ್ದರೆ ಮೋಸ್ಟ್ಲಿ. ಹಲವು ಕಾರಣಗಳಲ್ಲಿ ಒಂದು ದೊಡ್ಡದಿದ್ದರೆ ಮೇನ್ಲಿ. ಚೀಫ್ಲಿ ಅದರ ಅಣ್ಣ, ಅರ್ಥ ಅದೇ, ಗತ್ತು ಮಾತ್ರ ಹೆಚ್ಚು. ರೂಢಿಯ ಮಾತಾದರೆ ಜನರಲಿ. ಅವಳು ಪ್ರತಿಯೊಂದಕ್ಕೂ ವಾದಕ್ಕಿಳಿದಳು. ಮರುದಿನವೂ ಕೂತಳು, ಅದರ ಮರುದಿನವೂ. ಮುಖ್ಯೋಪಾಧ್ಯಾಯಿನಿ ಶರಣಬಸಮ್ಮ ಅದೇ ಕೋಣೆಯಲ್ಲಿ ಕೂತು ಅಕ್ಕಿ ಆರಿಸುತ್ತಾ, ಏನೂ ಕೇಳಿಸದವರಂತೆ ಎಲ್ಲ ಕೇಳಿಸಿಕೊಳ್ಳುತ್ತಿದ್ದರು.

ಮಳೆಗಾಲ ಮುಗಿಯುವಷ್ಟರಲ್ಲಿ ಶಿವಕಾಂತಮ್ಮನಿಗೆ ಇಂಗ್ಲಿಷ್ ಬಂತು. ಅದರ ಜೊತೆ ಇನ್ನೊಂದೂ ಬಂತು. ಸಾಯಬಣ್ಣ ಒಂದು ದಿನ ರಜೆ ಹಾಕಿದರೆ ಊಟ ರುಚಿಸುತ್ತಿರಲಿಲ್ಲ.

ಆಗಲೇ ದಂಡೋತಿಯಿಂದ ಅವಳಪ್ಪ ಚಂದ್ರಾಮಪ್ಪ ಬಂದರು. ಶಿಕ್ಷಕರ ಕೋಣೆಯಲ್ಲಿ ಎಲ್ಲರೆದುರೇ ಹೇಳಿದರು.

“ನೌಕರಿ ಕಾಯಂ ಆದ್ರ ಇಲ್ಲೇ ಇರವ್ವಾ. ಆಗಲಿಲ್ಲಂದ್ರ ಚಿಂಚೋಳಿ ಸಂಬಂಧಕ್ಕ ಹ್ಞೂಂ ಅಂತೀನಿ. ನೌಕರಿ ಇರೋ ಹುಡುಗ, ಭಾಳ ದಿನ ಕಾಯಲ್ಲ.”

ಕಾಯಂ ಹುದ್ದೆ ಇದ್ದದ್ದು ಒಂದೇ. ಆಡಳಿತ ಮಂಡಳಿಯ ಎದುರು ಇಬ್ಬರೂ ಮಾದರಿ ಪಾಠ ಮಾಡಬೇಕು, ಗೆದ್ದವರಿಗೆ ಹುದ್ದೆ.

ಅಂದಿನಿಂದ ಸಾಯಬಣ್ಣ ಮಾತು ಬಿಟ್ಟ. ಗಂಟೆ ಹೊಡೆದರೆ ಸಾಕು, ಹೊರಟೇಬಿಡುತ್ತಿದ್ದ.

‘ಇಷ್ಟೇನಾ? ನೌಕರಿಯ ಮಾತು ಬಂದ ಕೂಡಲೇ ನಾನು ವೈರಿಯಾದೆನಾ?’ ಗೆದ್ದೇ ತೋರಿಸುತ್ತೇನೆ ಎಂದು ಹಟ ತೊಟ್ಟಳು.

ಪಾಠದ ದಿನ ಮೊದಲ ಸರದಿ ಅವನದು. ಅವಳು ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಮಂಡಳಿಯ ಅಧ್ಯಕ್ಷ ಹಣಮಪ್ಪನವರೇ ಇಬ್ಬರಿಗೂ ಒಂದೇ ವಿಷಯ ಕೊಟ್ಟರು. ‘ಹೆಚ್ಚಾಗಿ’ ಎನ್ನಲು ಇಂಗ್ಲಿಷಿನಲ್ಲಿ ಇಷ್ಟೊಂದು ಪದಗಳಿವೆಯಲ್ಲ, ಯಾವುದನ್ನು ಎಲ್ಲಿ ಆರಿಸಬೇಕು?

ಸಾಯಬಣ್ಣ ನಾಲ್ಕು ಪದ ಬರೆದ. ಹಲಗೆ ನೋಡುತ್ತಲೇ ಹೇಳಿದ, “ಇವು ಎಲ್ಲಾ ಒಂದೇ. ಯಾವುದರೆ ಬರೀರಿ.”

ಹಣಮಪ್ಪನವರ ಹುಬ್ಬು ಗಂಟಿಕ್ಕಿತು.

ಶಿವಕಾಂತಮ್ಮನಿಗೆ ಹೊಳೆಯಿತು. ಈ ಮನುಷ್ಯ ವೈರಿಯಲ್ಲ... ನನಗಾಗಿ ಬೇಕಂತಲೇ ಸೋಲುತ್ತಿದ್ದಾನೆ. ಕಣ್ಣು ತುಂಬಿತು. ಬೆನ್ನಲ್ಲೇ ಸಿಟ್ಟೂ ಬಂತು. ಸುಮ್ಮನೆ ಕೂತರೆ ನೌಕರಿ ಅವಳದು, ಎದ್ದರೆ ಚಿಂಚೋಳಿಯ ಹಾದಿ ತೆರೆದೇ ಇದೆ.

ಅವಳು ಎದ್ದಳು.

“ಅಧ್ಯಕ್ಷರೇ, ಅವರು ಝೂಟ ಹೇಳಾಕತ್ತಾರ್ರಿ. ಇವು ನಾಕೂ ನನಗ ಕಲಿಸಿದವರೇ ಅವರು. ಮತ್ತ ಮೊದಲಿಂದ ಪಾಠ ಮಾಡ್ಲಾಕ ಹೇಳ್ರಿ.”

“ನಿನಗ ಲುಕ್ಸಾನ ಆಗ್ತದಲ್ಲವ್ವಾ?” ಎಂದರು ಹಣಮಪ್ಪ.

“ಆಗಲಿ. ದಾನದ ನೌಕರಿ ನನಗ ಬ್ಯಾಡ್ರಿ.”

ಸಾಯಬಣ್ಣ ಅಂದು ಮೊದಲ ಬಾರಿ ಅವಳ ಮುಖ ನೋಡಿದ. ಹಲಗೆ ಒರೆಸಿದ. ಆಮೇಲೆ ಮಾಡಿದ ಪಾಠಕ್ಕೆ ಮಂಡಳಿಯವರೇ ತಲೆದೂಗಿದರು.

ಈಗ ಅವಳ ಸರದಿ. ಸೀಮೆಸುಣ್ಣ ಮುಟ್ಟದೆ ಮುಂದೆ ಕೂತ ಹುಡುಗಿಯರತ್ತ ತಿರುಗಿದಳು.

“ನಿಮ್ಮೂರ ಹೊಲದಾಗ ಏನದ?”

“ತೊಗರಿ. ಅಲ್ಲಲ್ಲಿ ಜೋಳ,” ಎಂದಳೊಬ್ಬಳು.

“ಹಂಗಾರ ಮೋಸ್ಟ್ಲಿ ತೊಗರಿ. ಸಾಲಿಗೆ ಯಾಕ ಬರ್ತೀರಿ?”

“ಕಲೀಲಾಕ್ರಿ... ಗೆಳತ್ಯಾರ ಕೂಡ ಮಾತಾಡ್ಲಾಕೂ.”

“ದೊಡ್ಡ ಕಾರಣ ಯಾವುದು?”

“ಕಲಿಯೋದು,” ಎಂದು ಹಲವರು ಕೂಗಿದರು. “ಮೇನ್ಲಿ ಕಲೀಲಾಕ!”

ಆಮೇಲೆ ಅವಳು ಹೇಳಬೇಕಾದದ್ದೇ ಉಳಿಯಲಿಲ್ಲ. ಹುಡುಗಿಯರೇ ಎದ್ದು ಎದ್ದು ವಾಕ್ಯ ಕಟ್ಟಿದರು. ತಪ್ಪಿದವಳನ್ನು ಪಕ್ಕದವಳು ತಿದ್ದಿದಳು.

ಮಧ್ಯಾಹ್ನ ಹಣಮಪ್ಪನವರು ಹೊರಬಂದು ಹೇಳಿದರು. “ಸಾಯಬಣ್ಣ ಇಂಗ್ಲಿಷ್ ಭಾಳ ಬಲ್ಲಾರ. ಆದ್ರ ಹುಡಿಗ್ಯಾರು ಬಾಯಿ ಬಿಟ್ಟಿದ್ದು ಈಕಿ ಪಾಠದಾಗ. ಹುದ್ದೆ ಶಿವಕಾಂತಮ್ಮಂದು.”

ಸಂತೋಷಪಡಲು ಅವಳು ನಿಲ್ಲಲಿಲ್ಲ. ಸಾಯಬಣ್ಣ ಗಂಟುಮೂಟೆ ಕಟ್ಟಿ ಬಸ್ ಸ್ಟ್ಯಾಂಡಿಗೆ ಹೋಗಿದ್ದಾನೆಂದು ಶರಣಬಸಮ್ಮ ಹೇಳಿದ್ದೇ ತಡ, ಸೆರಗು ಬಿಗಿದು ಓಡಿದಳು.

ಆಡಕಿಯ ಬಸ್ಸಿನ ಬಳಿ ಅವನು ನಿಂತಿದ್ದ.

“ನನ್ನ ಕೇಳಲಾರದ ಯಾಕ ಸೋಲಾಕ ಹೋದ್ರಿ?”

“ನಿಮ್ಮನ್ನ ಚಿಂಚೋಳಿಗೆ ಕಳಿಸೋದು ನೋಡ್ಲಾಕ ಆಗ್ತಿರ್ಲಿಲ್ಲ...” ಅವನು ಗಂಟು ಕೆಳಗಿಟ್ಟ. “ಮಾತಾಡಿದ್ರ ಬಾಯಿಗಿ ಬಂದುಬಿಡ್ತದಂತ ಸುಮ್ಮಿದ್ದೆ.”

“ಏನು ಬರ್ತಿತ್ತು ಬಾಯಿಗಿ?”

“ನೀವಂದ್ರ ನನಗ ಜೀವ ಅಂತ.”

ಇಡೀ ಬಸ್ ಸ್ಟ್ಯಾಂಡಿನ ಗದ್ದಲ ಅವಳಿಗೆ ಕೇಳಿಸದಾಯಿತು. ಆದರೂ ಬಿಡಲಿಲ್ಲ.

“ಹಂಗಾರ ನಮ್ಮಪ್ಪನ ಬಂದು ಕೇಳ್ರಿ.”

“ಈಗ ನೌಕರಿ ಇಲ್ಲದಂವ ನಾ. ಯಾವ ಮುಖ ಹೊತ್ತು ಕೇಳಲಿ? ನೌಕರಿ ಇರೋ ಅಳಿಯನೇ ಬೇಕು ಅವರಿಗೆ.”

“ನೌಕರಿ ಇರೋ ಮಗಳು ಅದಾಳಲ್ಲ ಅವರಿಗೆ. ಒಂದ್ ಮನಿಗೆ ಸದ್ಯಕ್ಕ ಅಷ್ಟು ಸಾಕು. ನಿಮಗೂ ಸಿಗ್ತದ, ಅಲ್ಲೀತನ ನಾ ಅದೀನಿ. ಅಪ್ಪನ ಕೂಡ ನಾ ಜಗಳಾಡ್ತೀನಿ, ನೀವು ಬಾಜೂಕ ನಿಂದ್ರಿ.”

ಕಂಡಕ್ಟರ್ ಸೀಟಿ ಊದಿದ. ಆಡಕಿಯ ಬಸ್ಸು ಧೂಳೆಬ್ಬಿಸಿ ಹೊರಟುಹೋಯಿತು. ಸಾಯಬಣ್ಣ ನಿಂತಲ್ಲೇ ನಿಂತಿದ್ದ.

“ಶಿವಕಾಂತಾ,” ಎಂದ ಮೆಲ್ಲಗೆ. “ದಂಡೋತಿ ಬಸ್ ಎಲ್ಲಿ ನಿಂದರ್ತದ?”

“ಬರ್ರಿ,” ಎಂದಳು ಕಣ್ಣೊರೆಸಿಕೊಂಡು. “ತೋರಸ್ತೀನಿ.”