ಐದು ಸೀಸೆ ಸತು

ಬೀಗ ಒಡೆದಿರಲಿಲ್ಲ. ಐದು ಸೀಸೆಗಳೂ ಬೀರುವಿನಲ್ಲೇ ಇದ್ದವು. ಒಳಗಿನ ಕಂದು ಪುಡಿ ಮಾತ್ರ ತನುಜಳದಲ್ಲ.

ಚಿಂತಾಮಣಿಯ ಆ ಕಾಲೇಜಿನ ಲ್ಯಾಬಿಗೆ ಎಎಸ್‌ಐ ರಾಮಾಂಜಿನಪ್ಪ ಬಂದದ್ದು ಮುರುಗಮಲ್ಲದ ಉರುಸಿನ ಬಂದೋಬಸ್ತ್ ಮುಗಿಸಿ. ಎರಡು ದಿನದಿಂದ ಬೂಟು ಬಿಚ್ಚಿರಲಿಲ್ಲ. ಕೊಲೆಯಲ್ಲ, ದರೋಡೆಯಲ್ಲ, ಪುಡಿ. ಹಣೆಬರಹ ಎಂದುಕೊಂಡು ಸ್ಟೂಲಿನ ಮೇಲೆ ಕೂತರು.

"ನಿಮ್ಮ ಪುಡಿ ಅಲ್ಲ ಅಂತ ಹೆಂಗೆ ಗೊತ್ತಾಯ್ತಮ್ಮ?"

"ಬೆಂಗಳೂರಿಂದ ಎಕ್ಸ್‌ರೇ ರಿಪೋರ್ಟ್ ಬಂತು ಸಾರ್." ಸಂಶೋಧನಾ ವಿದ್ಯಾರ್ಥಿನಿ ತನುಜ ಅತ್ತು ಅತ್ತು ಸೋತಿದ್ದಳು. "ಇದು ಫೆರೈಟ್. ಕಬ್ಬಿಣ, ಕೋಬಾಲ್ಟ್ ಇರೋ ನ್ಯಾನೋ ಪುಡಿ. ಅದರಲ್ಲಿ ನಾನು ಇನ್ನೊಂದು ಲೋಹ ಸೇರಿಸ್ತೀನಿ. ಅದರ ಅಯಾನು ದಪ್ಪ. ಗೋಡೇಲಿ ದಪ್ಪ ಇಟ್ಟಿಗೆ ಇಟ್ಟಂಗೆ, ಹರಳು ಒಳಗೇ ಹಿಗ್ಗಬೇಕು. ಇದರಲ್ಲಿ ಕುಗ್ಗಿದೆ."

"ಅಯಸ್ಕಾಂತ ಹಿಡಿದು ನೋಡಿದ್ರಾ?"

"ನೋಡ್ದೆ. ಒಂದೊಂದು ಸೀಸೇಲಿ ಲೋಹ ಒಂದೊಂದು ಪ್ರಮಾಣ, ಜಾಸ್ತಿ ಇರೋ ನನ್ನ ಐದನೇ ಸೀಸೇದು ಅಷ್ಟಾಗಿ ಅಂಟಲ್ಲ. ಇದೂ ಹಂಗೇ ಇದೆ. ಅದಕ್ಕೇ ಅನುಮಾನ ಬರ್ಲಿಲ್ಲ."

ನಾಳೆ ಸಮಿತಿ ಕೂರುತ್ತದೆ. ಪುಡಿಗೂ ಪ್ರಬಂಧಕ್ಕೂ ತಾಳೆಯಾಗದಿದ್ದರೆ ನಾಲ್ಕು ವರ್ಷದ ಕೆಲಸ ಕಟ್ಟುಕತೆ ಎಂದು ತೀರ್ಮಾನ. ಪಿಎಚ್‌ಡಿ ಹೋದಂತೆಯೇ.

ಗೈಡ್ ಮುರಳಿಮೋಹನ್ ಗಡಿಯಾರ ನೋಡಿಕೊಂಡರು. "ಬೀಗದ ಕೈ ಅಟೆಂಡರ್ ವೇಣು ಹತ್ರ ಇರುತ್ತೆ. ಅವನನ್ನ ಕೇಳಿ."

ಎಲ್ಲಿ ಏನು ಕಳೆದರೂ ಮೊದಲು ಅಟೆಂಡರ್. ಈ ಮಾತು ಕೇಳಿ ಕೇಳಿ ರಾಮಾಂಜಿನಪ್ಪನವರಿಗೆ ರೋಸಿಹೋಗಿತ್ತು.

* * *

"ಚೆಲ್ಲಿಬಿಟ್ಟು ಬೇರೆ ತುಂಬಿದ್ಯೇನಪ್ಪ?"

"ಚೆಲ್ಲಿದ್ರೆ ಹೇಳ್ತಿದ್ದೆ ಸಾರ್," ಎಂದ ವೇಣು. "ಬೈಸ್ಕೊಳ್ಳೋದು ಅಭ್ಯಾಸ ಆಗೋಗಿದೆ."

"ಬೀಗದ ಕೈ ಯಾರು ಇಸ್ಕೊಂಡಿದ್ರು?"

"ಇಲ್ಲಿ ಓದೋ ಇನ್ನಿಬ್ರೂ. ಸಿದ್ಧಾರ್ಥ್ ಸಾರು, ಶಿರೀಷಾ ಮೇಡಂ."

ರಿಪೋರ್ಟಿನ ಎರಡನೇ ಹಾಳೆಯಲ್ಲಿತ್ತು: ಪುಡಿಯೊಳಗೆ ಅಲ್ಯೂಮಿನಿಯಂ. ಅಂದರೆ ಯಾರೋ ಕೂತು ತಯಾರಿಸಿದ್ದಾರೆ. ವೇಣುವಿನ ಕೈಲಾಗುವ ಕೆಲಸವಲ್ಲ.

"ನಿಮ್ಮ ಲೋಹ ಯಾವುದು ಅಂತ ಯಾರಿಗೆ ಗೊತ್ತು?" ಎಂದು ತನುಜಳನ್ನು ಕೇಳಿದರು.

"ಗೈಡ್‌ಗೆ ಮಾತ್ರ. ಪೇಪರ್ ಅಚ್ಚಾಗೋವರೆಗೂ ಹೇಳಬೇಡ ಅಂದಿದ್ರು. ಇದೇ ಬೀರೂಲಿ ಇಡೋ ಈ ಪುಸ್ತಕದಲ್ಲಿ ಬರೆದಿದೀನಿ, ಕನ್ನಡದಲ್ಲಿ."

ಪುಟಗಟ್ಟಲೆ ಒಂದೇ ಮಾತು: ಸತು. ರಾಮಾಂಜಿನಪ್ಪ ಎರಡು ಸಲ ಓದಿದರು. ನಿದ್ದೆ ಹಾರಿಹೋಯಿತು.

* * *

ಮೂವರನ್ನೂ ಬೇರೆ ಬೇರೆ ಕರೆದು ಒಂದೇ ಪ್ರಶ್ನೆ ಕೇಳಿದರು. ಸತು ಅಂದ್ರೆ ಏನು?

"ಜಿಂಕು. ತಗಡಿಗೆ ಬಳೀತಾರಲ್ಲ," ಎಂದ ವೇಣು.

"ಜಿಂಕ್ ಸಾರ್. ನಾನು ಕನ್ನಡ ಮೀಡಿಯಂ," ಎಂದ ಸಿದ್ಧಾರ್ಥ್.

ಶಿರೀಷಾ ಚೇಳೂರಿನ ಕಡೆಯವಳು. ಲ್ಯಾಬಿಗೆ ಸೇರಿ ಆರು ತಿಂಗಳು. "ಅಲ್ಯೂಮಿನಿಯಂ. ನಮ್ಮಜ್ಜಿ ಈಗ್ಲೂ ಸತ್ತು ಗಿನ್ನೇಲೇ, ಆ ಪಾತ್ರೇಲೇ ಅನ್ನ ಮಾಡೋದು."

"ನಮ್ಮನೇಲೂ ಹಂಗೇ ಅಂತಾರಮ್ಮ. ನಮ್ದೂ ತೆಲುಗೇ." ರಾಮಾಂಜಿನಪ್ಪ ಎಲ್ಲರನ್ನೂ ಒಳಗೆ ಕರೆದರು. "ತೆಲುಗಿನ ಸತ್ತು ಅಲ್ಯೂಮಿನಿಯಂ. ಕನ್ನಡದ ಸತು ಜಿಂಕು. ಕದ್ದು ಓದಿದೋರು ಮನೆ ಮಾತಲ್ಲಿ ಓದ್ಕೊಂಡ್ರು. ಎರಡರಲ್ಲಿ ಯಾವುದು ಜಾಸ್ತಿ ಬೆರೆಸಿದ್ರೂ ಸೆಳೆತ ಕಮ್ಮಿಯಂತೆ, ಅದಕ್ಕೇ ಅಯಸ್ಕಾಂತಕ್ಕೆ ತಿಳೀಲಿಲ್ಲ. ಆದ್ರೆ ಅಲ್ಯೂಮಿನಿಯಂ ಸಣ್ಣ ಇಟ್ಟಿಗೆಯಂತೆ. ಹರಳು ಕುಗ್ತು. ಅಸಲಿ ಪುಡಿ ಎಲ್ಲಮ್ಮ?"

ಶಿರೀಷಾ ತಲೆ ತಗ್ಗಿಸಿದಳು. "ನನ್ನ ಹೆಸರಲ್ಲಿ ಟೆಸ್ಟ್‌ಗೆ ಕಳ್ಸಿದೀನಿ."

ಮುರಳಿಮೋಹನ್ ಟೆಸ್ಟ್ ಮಾಡುವಲ್ಲಿಗೆ ಫೋನು ಮಾಡಿದರು. ಅರ್ಧ ಗಂಟೆಯಲ್ಲಿ ಫಲಿತಾಂಶ ಬಂತು. ಅರ್ಜಿಯಲ್ಲಿ ಅವಳು ಬರೆದದ್ದು ಅಲ್ಯೂಮಿನಿಯಂ. ಯಂತ್ರ ಕಂಡದ್ದು ಸತು. ಅಂಕಿಗಳೆಲ್ಲ ತನುಜಳ ಪುಸ್ತಕದವೇ. ಇನ್ನು ಸಮಿತಿ ಏನೂ ಹೇಳುವಂತಿರಲಿಲ್ಲ.

ತನುಜಳ ಮುಖದಲ್ಲಿ ಗೆಲುವಿರಲಿಲ್ಲ. ಆರು ತಿಂಗಳಿಂದ ಇಬ್ಬರೂ ಒಂದೇ ಡಬ್ಬಿಯಲ್ಲಿ ಉಂಡವರು.

"ಯಾಕೆ ಶಿರೀಷಾ?"

"ನನ್ನ ಪುಡಿ ಗಂಟು ಕಟ್ತಿತ್ತು ಕಣೇ. ನಿಂದು ಎಷ್ಟು ನುಣ್ಣಗೆ ಬರ್ತಿತ್ತು."

"ಒಂದು ಮಾತು ಕೇಳಿದ್ರೆ ನಾನೇ ಮಾಡಿಕೊಡ್ತಿದ್ನಲ್ಲೇ."

ಶಿರೀಷಾ ಆಗ ಅತ್ತಳು. ಕೇಳಬಹುದೆಂಬುದು ಅವಳಿಗೆ ಹೊಳೆದೇ ಇರಲಿಲ್ಲ.